ಹಿಮನದಿ ಎಷ್ಟು ಕರಗಿತು? ಮೊದಲು ಗೆರೆ ಎಲ್ಲಿ ಎಳೆದಿರಿ ಹೇಳಿ

ಹಿಮಾಲಯದ ಹಿಮನದಿಗಳ ಬಗ್ಗೆ ಎರಡು ಲೆಕ್ಕಗಳಿವೆ. ಒಂದು 2007ರದ್ದು. ಚೆನಾಬ್, ಪಾರ್ವತಿ, ಬಸ್ಪಾ ಕಣಿವೆಗಳ 466 ಹಿಮನದಿಗಳನ್ನು ಉಪಗ್ರಹ ಚಿತ್ರದಲ್ಲಿ ಅಳೆದು, 1962ರಲ್ಲಿ 2077 ಚದರ ಕಿ.ಮೀ. ಇದ್ದದ್ದು 1628ಕ್ಕೆ ಇಳಿದಿದೆ, ಅಂದರೆ ಶೇ. 21ರಷ್ಟು ಹೋಗಿದೆ ಎಂದಿತು. ಇನ್ನೊಂದು 2014ರದ್ದು. ಕಾರಾಕೋರಂನಿಂದ ಸಿಕ್ಕಿಂವರೆಗಿನ 2018 ಹಿಮನದಿಗಳನ್ನು (ಇದು ಇಸವಿ ಅಲ್ಲ, ಎಣಿಕೆ) ನೋಡಿ, 2000ದ ಆಸುಪಾಸಿನಿಂದ 2010-11ರ ತನಕ 1752 ಹಿಮನದಿಗಳ ಮೂತಿ (ಅಂದರೆ ಕೆಳ ತುದಿ) ಇದ್ದಲ್ಲೇ ಇದೆ, 248 ಹಿಂದೆ ಸರಿದಿವೆ, 18 ಮುಂದೆ ಬಂದಿವೆ, ಒಟ್ಟು ವಿಸ್ತೀರ್ಣದಲ್ಲಿ ಹೋದದ್ದು ಶೇ. 0.2 ಮಾತ್ರ ಎಂದಿತು.

ಎರಡೂ ನಮ್ಮ ಬೆಂಗಳೂರಿನಿಂದಲೇ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬಂದವು. ಎರಡರ ಹಿಂದೆಯೂ ಇದ್ದವರು ಅಹಮದಾಬಾದಿನ ಇಸ್ರೋ ಕೇಂದ್ರದ ಜನ. ಹಿಮಾಲಯ ಮುಗಿದೇ ಹೋಯಿತು ಅನ್ನುವವರು ಮೊದಲನೆಯದನ್ನು ಹಿಡಿದುಕೊಂಡರು. ಎಲ್ಲ ಸುಳ್ಳು, ಏನೂ ಆಗಿಲ್ಲ ಅನ್ನುವವರು ಎರಡನೆಯದನ್ನು. ಇಂದಿಗೂ ವಾಟ್ಸಾಪಿನಲ್ಲಿ ಎರಡೂ ಓಡಾಡುತ್ತಿವೆ. ನನ್ನ ಪ್ರಕಾರ ಎರಡೂ ಲೆಕ್ಕ ಪ್ರಾಮಾಣಿಕವೇ. ಅವು ಯಾಕೆ ಇಷ್ಟು ದೂರ ಇವೆ ಅಂತ ಅರ್ಥವಾಗಬೇಕಾದರೆ, ಉಪಗ್ರಹ ಚಿತ್ರದಿಂದ ಹಿಮನದಿಯ ವಿಸ್ತೀರ್ಣ ತೆಗೆಯುವುದು ಹೇಗೆ ಅಂತ ಒಮ್ಮೆ ಹತ್ತಿರದಿಂದ ನೋಡಬೇಕು. ಈ ಪೋಸ್ಟ್ ಅದಕ್ಕೇ.

ನಾನು ಹಿಮವಿಜ್ಞಾನಿ ಅಲ್ಲ. ಹೊಟ್ಟೆಪಾಡಿಗೆ ಮಾಡುವುದು ಮ್ಯಾಪ್ ಕೆಲಸ, ಅದೂ ಬಹುತೇಕ ಬೆಂಗಳೂರಿನ ಸುತ್ತಮುತ್ತಲಿನ ಕೆರೆ, ರಸ್ತೆ, ಲೇಔಟ್. ಹಿಮನದಿ ರಾತ್ರಿ ಹೊತ್ತಿನ ಹುಚ್ಚು. ಕೆರೆ ಒತ್ತುವರಿ ಅಳೆಯುವ ಅದೇ ಸಾಫ್ಟ್‌ವೇರಿನಲ್ಲಿ, ಅದೇ ಉಪಗ್ರಹದ ಚಿತ್ರದಲ್ಲಿ ಹಿಮನದಿಯನ್ನೂ ಅಳೆಯಬಹುದು ಅಂತ ಗೊತ್ತಾದ ಮೇಲೆ ಹಿಡಿದದ್ದು ಬಿಟ್ಟಿಲ್ಲ. ನಾನು ಹೆಚ್ಚಾಗಿ ತೆರೆದು ಕೂರುವುದು ಹಿಮಾಚಲದ ಲಾಹೌಲ್‌ನಲ್ಲಿರುವ ಸಮುದ್ರ ಟಾಪು ಅನ್ನುವ ಹಿಮನದಿ. ಚಂದ್ರತಾಲ್‌ಗೆ ಹೋದವರಿಗೆ ಆ ದಿಕ್ಕು ಗೊತ್ತಿರುತ್ತದೆ. ಚಂದ್ರಾ ಕಣಿವೆಯಲ್ಲಿ ಬಡಾ ಶಿಗ್ರಿ ಬಿಟ್ಟರೆ ಅದೇ ದೊಡ್ಡದು. ಮೂತಿಯ ಮುಂದೆ ಒಂದು ಕೆರೆ ಇದೆ. ಆ ಕೆರೆಯ ಕಥೆಗೆ ಆಮೇಲೆ ಬರುತ್ತೇನೆ.

ಮೊದಲು ಚಿತ್ರ ಎಲ್ಲಿಂದ ಬರುತ್ತದೆ ಅಂತ. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಸರಣಿ 1972ರಿಂದ ಶುರುವಾಯಿತು. ಆದರೆ ನಿಜವಾಗಿ ಕೆಲಸಕ್ಕೆ ಬರುವಂಥ 30 ಮೀಟರ್ ಪಿಕ್ಸೆಲ್ಲಿನ (ಚಿತ್ರದ ಒಂದು ಚುಕ್ಕೆ ಅಂದರೆ ನೆಲದ ಮೇಲೆ 30 ಮೀಟರ್) ಚಿತ್ರಗಳು ಸಿಗುವುದು 1980ರ ದಶಕದಿಂದ ಈಚೆಗೆ. 1984ರಲ್ಲಿ ಹಾರಿಸಿದ ಲ್ಯಾಂಡ್‌ಸ್ಯಾಟ್ 5 ಅನ್ನುವ ಗಟ್ಟಿ ಜೀವ ಒಂದಿತ್ತು. ಮೂರು ವರ್ಷ ಬಾಳಲಿ ಅಂತ ಕಟ್ಟಿದ್ದು, 2013ರವರೆಗೆ ಬದುಕಿತು. ಅದರ ತಮ್ಮ ಲ್ಯಾಂಡ್‌ಸ್ಯಾಟ್ 7ಕ್ಕೆ 2003ರ ಮೇ ಕೊನೆಯಲ್ಲಿ ಒಂದು ಭಾಗ ಕೆಟ್ಟಿತು, ಅಲ್ಲಿಂದ ಮುಂದಿನ ಅದರ ಪ್ರತಿ ಚಿತ್ರದಲ್ಲೂ ಕಪ್ಪು ಪಟ್ಟೆಗಳು, ಸುಮಾರು ಶೇ. 22ರಷ್ಟು ಜಾಗ ಖಾಲಿ. ನಿಮಗೆ ಬೇಕಾದ ಹಿಮನದಿಯ ಮೂತಿ ಸರಿಯಾಗಿ ಆ ಪಟ್ಟೆಯೊಳಗೇ ಬಿದ್ದಿರುತ್ತದೆ, ಅದು ಗ್ಯಾರಂಟಿ. 2008ರ ತನಕ ಒಂದು ಚಿತ್ರಕ್ಕೆ 600 ಡಾಲರ್ ಕೊಡಬೇಕಿತ್ತು. ಆಮೇಲೆ ಅಮೆರಿಕದವರು ಹಳೆಯದು ಹೊಸದು ಎಲ್ಲವನ್ನೂ ಪುಕ್ಕಟೆ ಮಾಡಿದರು. ನನ್ನಂಥವರು ರಾತ್ರಿ ಕೂತು ಹಿಮನದಿ ಅಳೆಯುವುದು ಸಾಧ್ಯವಾದದ್ದು ಆ ಒಂದು ತೀರ್ಮಾನದಿಂದ. 2015ರಿಂದ ಯೂರೋಪಿನ ಸೆಂಟಿನೆಲ್-2 ಬಂತು, 10 ಮೀಟರ್ ಪಿಕ್ಸೆಲ್, ಈಗ ಐದು ದಿನಕ್ಕೊಮ್ಮೆ ಅದೇ ಜಾಗ. ನಮ್ಮ ರಿಸೋರ್ಸ್‌ಸ್ಯಾಟ್‌ನ ಲಿಸ್-3 ಕ್ಯಾಮೆರಾ 23.5 ಮೀಟರಿನದು. ಅದರ ಚಿತ್ರಗಳು ಹೈದರಾಬಾದಿನ ಇಸ್ರೋ ಕೇಂದ್ರ ಎನ್‌ಆರ್‌ಎಸ್‌ಸಿಯ ಭೂನಿಧಿ ತಾಣದಲ್ಲಿ ಸಿಗುತ್ತವೆ.

ಈಗ ಹಿಮ ಗುರುತಿಸುವುದು. ಬಿಳಿ ಇದ್ದದ್ದೆಲ್ಲ ಹಿಮ ಅಂದರೆ ಮುಗಿಯಿತಲ್ಲ ಅಂತ ಅನ್ನಿಸಬಹುದು. ಮೋಡವೂ ಬಿಳಿ, ಅದೇ ತೊಂದರೆ. ಇಲ್ಲಿ ಕೈ ಹಿಡಿಯುವುದು ನಮ್ಮ ಕಣ್ಣಿಗೆ ಕಾಣದ ಒಂದು ಬೆಳಕು, ಸುಮಾರು 1.6 ಮೈಕ್ರೋಮೀಟರ್ ತರಂಗಾಂತರದ ಶಾರ್ಟ್‌ವೇವ್ ಇನ್ಫ್ರಾರೆಡ್. ಹಿಮ ಹಸಿರು ಬೆಳಕನ್ನು ಚೆನ್ನಾಗಿ ವಾಪಸ್ ಎಸೆಯುತ್ತದೆ, ಆದರೆ ಈ ಇನ್ಫ್ರಾರೆಡ್ಡನ್ನು ನುಂಗಿಬಿಡುತ್ತದೆ. ಮೋಡ ಎರಡನ್ನೂ ಎಸೆಯುತ್ತದೆ. ಹಾಗಾಗಿ ಹಸಿರಿನ ಅಂಕಿಯಿಂದ (ಅಂಕಿ ಅಂದರೆ ಬಿದ್ದ ಬೆಳಕಿನಲ್ಲಿ ವಾಪಸ್ ಬಂದ ಪಾಲು) ಇನ್ಫ್ರಾರೆಡ್ಡಿನ ಅಂಕಿ ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ಸಾಕು. ಇದಕ್ಕೆ ಎನ್‌ಡಿಎಸ್‌ಐ ಅಂತಾರೆ. ಉದಾಹರಣೆಗೆ ಒಂದು ಪಿಕ್ಸೆಲ್ಲಿನಲ್ಲಿ ಹಸಿರು 0.70, ಇನ್ಫ್ರಾರೆಡ್ 0.08 ಇದೆ ಅಂದುಕೊಳ್ಳಿ. 0.62ನ್ನು 0.78ರಿಂದ ಭಾಗಿಸಿ, 0.79 ಬಂತು. ಹಿಮ. ಮೋಡಕ್ಕೆ 0.60 ಮತ್ತು 0.50 ಇದ್ದರೆ ಉತ್ತರ 0.09. ಬರೀ ಬಂಡೆಗೆ ಉತ್ತರ ಸೊನ್ನೆಗಿಂತ ಕೆಳಗೆ ಹೋಗುತ್ತದೆ. 0.4ಕ್ಕಿಂತ ಜಾಸ್ತಿ ಬಂದರೆ ಹಿಮ ಅಂತ ಸಾಮಾನ್ಯವಾಗಿ ಗಡಿ ಹಾಕಿಕೊಳ್ಳುತ್ತಾರೆ. ಗುಂಡಿ ಒತ್ತಿದರೆ ಕಂಪ್ಯೂಟರ್ ಅರೆ ನಿಮಿಷದಲ್ಲಿ ಇಡೀ ಲಾಹೌಲ್‌ನ ಹಿಮವನ್ನು ಬಣ್ಣ ಹಚ್ಚಿ ತೋರಿಸುತ್ತದೆ. ನೋಡೋಕೆ ಬಹಳ ಚೆಂದ.

ಮುಂದಿನ ರಗಳೆಯೆಲ್ಲ ಆ ಚೆಂದದ ಬಣ್ಣವನ್ನು ನಂಬಬಹುದಾ ಅನ್ನುವುದರದ್ದು.

ಕೆರೆಗೆ ಬರೋಣ. ನೀರು ಹಸಿರನ್ನು ಸ್ವಲ್ಪ ಎಸೆಯುತ್ತದೆ, 0.10 ಅಂದುಕೊಳ್ಳಿ. ಇನ್ಫ್ರಾರೆಡ್ಡನ್ನು ಹೆಚ್ಚುಕಮ್ಮಿ ಪೂರ್ತಿ ನುಂಗುತ್ತದೆ, 0.02. ಲೆಕ್ಕ ಹಾಕಿದರೆ 0.67. ಅಂದರೆ ಸೂತ್ರದ ಪ್ರಕಾರ ಕೆರೆಯೂ ಹಿಮ! ಸಮುದ್ರ ಟಾಪುವಿನಂಥ ಜಾಗದಲ್ಲಿ ಇದು ಎಂಥ ಎಡವಟ್ಟು ನೋಡಿ. ಮೂತಿ ಹಿಂದೆ ಸರಿಯುತ್ತಿದೆ, ಸರಿದ ಜಾಗದಲ್ಲಿ ನೀರು ತುಂಬುತ್ತಿದೆ. ಸರಿಯಾಗಿ ಎಲ್ಲಿ ಹಿಮನದಿ ಸೋತಿದೆಯೋ ಅಲ್ಲೇ ಸೂತ್ರ ‘ಇಲ್ಲಿ ಹಿಮ ಇದೆ’ ಅನ್ನುತ್ತದೆ. ಇದಕ್ಕೆ ಮದ್ದಿದೆ, ನಿಯರ್ ಇನ್ಫ್ರಾರೆಡ್ ಅನ್ನುವ ಇನ್ನೊಂದು ಬ್ಯಾಂಡಿನಲ್ಲಿ ನೀರು ಕಪ್ಪಗೆ, ಹಿಮ ಬೆಳ್ಳಗೆ ಇರುತ್ತದೆ, ಆ ಒಂದು ಷರತ್ತು ಸೇರಿಸಿದರೆ ಕೆರೆ ಬಹುಪಾಲು ಹೊರಗೆ ಬರುತ್ತದೆ. ಆದರೆ ಕೆರೆಯಲ್ಲಿ ಮಂಜುಗಡ್ಡೆ ತೇಲುತ್ತಿದ್ದರೆ ಮತ್ತೆ ಕೈಯಲ್ಲೇ ತಿದ್ದಬೇಕು.

ಆಮೇಲೆ ತಾರೀಖು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ವಿಷಯ, ಜನ ಕೇಳದೇ ಬಿಡುವುದೂ ಇದನ್ನೇ. ಮಾರ್ಚ್‌ನಲ್ಲಿ ಲಾಹೌಲ್‌ನ ಚಿತ್ರ ತೆರೆದರೆ ಇಡೀ ಕಣಿವೆ ಬಿಳಿ. ಹಿಮನದಿ ಯಾವುದು, ನಿನ್ನೆ ಬಿದ್ದ ಹಿಮ ಯಾವುದು, ದೇವರಿಗೇ ಗೊತ್ತು. ಬೇಸಿಗೆ ಪೂರ್ತಿ ಕರಗಿ, ಆ ವರ್ಷದ ಹಿಮವೆಲ್ಲ ಹೋಗಿ, ಚಳಿಗಾಲದ ಮೊದಲ ಹಿಮ ಇನ್ನೂ ಬೀಳದ ಆ ಸಣ್ಣ ಕಿಂಡಿಯಲ್ಲಿ ತೆಗೆದ ಚಿತ್ರ ಬೇಕು. ಪಶ್ಚಿಮ ಹಿಮಾಲಯದಲ್ಲಿ ಅದು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್, ಹೆಚ್ಚೆಂದರೆ ಅಕ್ಟೋಬರ್ ಮೊದಲ ವಾರ. ಲ್ಯಾಂಡ್‌ಸ್ಯಾಟ್ ಒಂದು ಜಾಗಕ್ಕೆ 16 ದಿನಕ್ಕೊಮ್ಮೆ ಬರುತ್ತದೆ. ಅಂದರೆ ವರ್ಷಕ್ಕೆ ಸಿಗುವುದು ಎರಡೋ ಮೂರೋ ಚಾನ್ಸು. ಅದರಲ್ಲಿ ಒಂದು ದಿನ ಮೋಡ, ಇನ್ನೊಂದು ದಿನ ಹಿಂದಿನ ರಾತ್ರಿಯೇ ಹೊಸ ಹಿಮ ಸಿಂಪಡಿಸಿದ ಹಾಗೆ ಬಿದ್ದಿರುತ್ತದೆ, ಆ ವರ್ಷ ಅಲ್ಲಿಗೆ ಮುಗಿಯಿತು. ಲಾಹೌಲ್ ಮಳೆನೆರಳಿನ ನಾಡು, ಅಲ್ಲೇ ಈ ಕಥೆ. ಸಿಕ್ಕಿಂ, ನೇಪಾಳದ ಕಡೆ ಮುಂಗಾರೇ ಹಿಮ ಸುರಿಸುವುದು, ಬೇಸಿಗೆಯಲ್ಲೇ ಹಿಮನದಿಗೆ ಊಟ, ಜೊತೆಗೆ ತಿಂಗಳುಗಟ್ಟಲೆ ಮೋಡ. ಅಲ್ಲಿ ಕೆಲಸ ಮಾಡುವವರ ತಾಳ್ಮೆಗೆ ಕೈ ಮುಗಿಯಬೇಕು.

1990ರ ನವೆಂಬರ್ ಚಿತ್ರ ಒಂದು ಕಡೆ, 2020ರ ಸೆಪ್ಟೆಂಬರ್ ಚಿತ್ರ ಇನ್ನೊಂದು ಕಡೆ ಇಟ್ಟರೆ ಹಿಮಾಲಯ ಅರ್ಧಕ್ಕರ್ಧ ಖಾಲಿಯಾದ ಹಾಗೆ ತೋರಿಸಬಹುದು. ತಿರುಗಿಸಿ ಇಟ್ಟರೆ ಹಿಮ ಬೆಳೆದಿದೆ ಅಂತಲೂ ತೋರಿಸಬಹುದು. ಅಂಥ ಜೋಡಿ ಚಿತ್ರಗಳು ನನಗೂ ದಿನಾ ಬರುತ್ತವೆ. ತಿಂಗಳು ಬರೆದಿಲ್ಲ ಅಂದರೆ ನಾನು ಅದನ್ನು ಓದುವುದೇ ಇಲ್ಲ.

ನೆರಳಿನದ್ದೂ ಒಂದು ತಲೆನೋವು. ಈ ಉಪಗ್ರಹಗಳು ಬೆಳಗ್ಗೆ ಹತ್ತೂವರೆ ಆಸುಪಾಸಿಗೆ ಹಾದುಹೋಗುತ್ತವೆ. ಶರತ್ಕಾಲದಲ್ಲಿ ಸೂರ್ಯ ಇನ್ನೂ ಓರೆ, ಉತ್ತರಕ್ಕೆ ಮುಖ ಮಾಡಿದ ಕಡಿದಾದ ಇಳಿಜಾರುಗಳೆಲ್ಲ ಕಪ್ಪು. ಹಿಮ ಜಾಸ್ತಿ ಉಳಿಯುವುದೂ ಅದೇ ಉತ್ತರದ ಮುಖದಲ್ಲಿ. ಹಳೆಯ ಲ್ಯಾಂಡ್‌ಸ್ಯಾಟ್ ಚಿತ್ರಗಳಲ್ಲಿ ಆ ನೆರಳೊಳಗೆ ಏನಿದೆ ಅಂತ ಹೇಳುವುದು ಕಷ್ಟ. ಲ್ಯಾಂಡ್‌ಸ್ಯಾಟ್ 8 ಬಂದ ಮೇಲೆ ನೆರಳಿನ ಒಳಗೂ ಸ್ವಲ್ಪ ಕಾಣುತ್ತದೆ.

ಇನ್ನು ಕಲ್ಲು. ಇದನ್ನು ನೋಡದೆ ಇದ್ದವರಿಗೆ ನಂಬಿಸುವುದು ಕಷ್ಟ. ಹಿಮನದಿ ಅಂದರೆ ಬೆಳ್ಳಗೆ ಹೊಳೆಯುವ ನದಿ ಅಂತ ಎಲ್ಲರ ತಲೆಯಲ್ಲೂ ಇರುತ್ತದೆ. ಗ್ರಾಂಫೂದಿಂದ ಬಾತಲ್ ಕಡೆ ಹೋಗುವ ಆ ಹಾಳು ರಸ್ತೆಯಲ್ಲಿ ಛೋಟಾ ದಾರಾ ದಾಟಿದ ಮೇಲೆ ಚಂದ್ರಾ ನದಿಯ ಆಚೆ ದಡದಲ್ಲಿ ಬಡಾ ಶಿಗ್ರಿಯ ಬಾಯಿ ಕಾಣುತ್ತದೆ. ಹಿಮಾಚಲದ ಅತಿ ದೊಡ್ಡ ಹಿಮನದಿ ಅದು. ಜೀಪಿನಲ್ಲಿದ್ದ ನಮ್ಮವರಿಗೆ ತೋರಿಸಿದರೆ ಯಾರೂ ಒಪ್ಪಲಿಲ್ಲ. ‘ಎಲ್ಲಿ ಸಾರ್, ಇದು ನಮ್ಮೂರ ಜಲ್ಲಿ ಕ್ರಷರ್ ಹಿಂದಿನ ರಾಶಿ ಇದ್ದ ಹಾಗಿದೆ’ ಅಂದರು. ಸರಿಯಾಗಿಯೇ ಹೇಳಿದ್ದರು. ಬೂದು ಬಣ್ಣದ ಕಲ್ಲು, ಮಣ್ಣು, ಮನೆಗಾತ್ರದ ಬಂಡೆಗಳು. ಅದರ ಅಡಿಯಲ್ಲಿ ಹಿಮ. ಎಲ್ಲೋ ಒಂದು ಕಡೆ ಕಲ್ಲು ಜಾರಿ ಬಿದ್ದಲ್ಲಿ ಮಾತ್ರ ಕೊಳಕಾದ, ಕಪ್ಪು ಗಡ್ಡೆ ಬಾಯಿ ತೆರೆದು ನೀರು ಸುರಿಸುತ್ತಿರುತ್ತದೆ.

ಉಪಗ್ರಹ ಆ ಗಡ್ಡೆ ನೋಡುವುದಿಲ್ಲ, ಮೇಲಿನ ಕಲ್ಲು ನೋಡುತ್ತದೆ. ಹಿಮನದಿಯ ಮೇಲಿನ ಕಲ್ಲೂ ಪಕ್ಕದ ಗುಡ್ಡದ ಕಲ್ಲೂ ಒಂದೇ ಬಂಡೆಯಿಂದ ಒಡೆದು ಬಂದದ್ದು, ಬೆಳಕು ಎಸೆಯುವ ರೀತಿ ಒಂದೇ. ಎನ್‌ಡಿಎಸ್‌ಐ ಇಲ್ಲಿ ಕೈ ಎತ್ತಿಬಿಡುತ್ತದೆ. ಕಂಪ್ಯೂಟರ್ ಕೊಟ್ಟ ಗೆರೆ ಬಿಳಿ ಹಿಮ ಮುಗಿದಲ್ಲಿ ಮುಗಿಯುತ್ತದೆ. ನಿಜವಾದ ಮೂತಿ ಅಲ್ಲಿಂದ ಕಿಲೋಮೀಟರುಗಟ್ಟಲೆ ಕೆಳಗೆ ಇರಬಹುದು. ಗಂಗೋತ್ರಿಯೂ ಹೀಗೆಯೇ, ಗೋಮುಖದಿಂದ ಮೇಲಕ್ಕೆ ಬಹಳ ದೂರ ಕಲ್ಲೇ ಕಲ್ಲು.

ಹಾಗಾಗಿ ಈ ಭಾಗವನ್ನು ಕೈಯಲ್ಲಿ, ಮೌಸ್ ಹಿಡಿದು, ಚುಕ್ಕೆ ಚುಕ್ಕೆ ಇಡುತ್ತಾ ಗೆರೆ ಎಳೆಯಬೇಕು. ಏನನ್ನು ಹುಡುಕುತ್ತೇವೆ? ಕಲ್ಲಿನ ಅಡಿಯಿಂದ ನೀರು ಹೊರಬೀಳುವ ಜಾಗ, ಅದು ಮೂತಿಗೆ ಒಳ್ಳೆಯ ಸಾಕ್ಷಿ. ಮೇಲ್ಮೈಯಲ್ಲಿ ಸಣ್ಣ ಸಣ್ಣ ನೀಲಿ ಹೊಂಡಗಳು ಮತ್ತು ಅವುಗಳ ಪಕ್ಕ ಕಡಿದಾದ ಕಪ್ಪು ಗೋಡೆ ಕಂಡರೆ ಅಡಿಯಲ್ಲಿ ಹಿಮ ಇದೆ ಅಂತ ಅರ್ಥ. ಮೇಲಿನಿಂದ ಹರಿದು ಬಂದ ಉದ್ದುದ್ದ ಕಲ್ಲಿನ ಪಟ್ಟೆಗಳು ಎಲ್ಲಿ ತುಂಡಾಗುತ್ತವೆ ಅಂತ ನೋಡುತ್ತೇವೆ. ಪಕ್ಕದ ದಿಬ್ಬದ ಮೇಲೆ ಹುಲ್ಲು ಬೆಳೆದಿದ್ದರೆ ಅದು ಹಿಮನದಿ ಬಿಟ್ಟುಹೋದ ಜಾಗ. ಎತ್ತರದ ನಕ್ಷೆ ಹಾಕಿ ಇಳಿಜಾರು ಎಲ್ಲಿ ಥಟ್ಟನೆ ಬದಲಾಗುತ್ತದೆ ಅಂತ ನೋಡುತ್ತೇವೆ. ರೇಡಾರ್ ಚಿತ್ರ ಸಿಕ್ಕರೆ ಇನ್ನೂ ಒಳ್ಳೆಯದು. ಕೆಲವು ದಿನಗಳ ಅಂತರದ ಎರಡು ರೇಡಾರ್ ಚಿತ್ರ ಹೋಲಿಸಿದರೆ ನಿಂತ ಗುಡ್ಡ ಎರಡರಲ್ಲೂ ಹಾಗೇ ಇರುತ್ತದೆ, ಅಡಿಯಲ್ಲಿ ಹಿಮ ಇರುವ ಕಲ್ಲು ಅಷ್ಟರಲ್ಲಿ ಅಲ್ಲಾಡಿರುತ್ತದೆ. ಇಷ್ಟೆಲ್ಲ ಮಾಡಿದರೂ ಇಬ್ಬರು ಅನುಭವಿಗಳು ಒಂದೇ ಚಿತ್ರದ ಮೇಲೆ ಎಳೆದ ಗೆರೆ ಒಂದೇ ಥರ ಇರುವುದಿಲ್ಲ. ಬಿಳಿ ಭಾಗದಲ್ಲಿ ಹೆಚ್ಚುಕಮ್ಮಿ ಹೊಂದುತ್ತದೆ, ಕಲ್ಲಿನ ಭಾಗಕ್ಕೆ ಬಂದಾಗ ಒಬ್ಬೊಬ್ಬರದು ಒಂದೊಂದು ದಾರಿ.

ಈಗ ಪಿಕ್ಸೆಲ್ಲಿನ ಲೆಕ್ಕ, ಪೆನ್ನು ತಗೊಳ್ಳಿ. ಲ್ಯಾಂಡ್‌ಸ್ಯಾಟ್ ಪಿಕ್ಸೆಲ್ 30 ಮೀಟರ್. ಗೆರೆ ಅರ್ಧ ಪಿಕ್ಸೆಲ್ ಆಚೀಚೆ, ಅಂದರೆ 15 ಮೀಟರ್ ತಪ್ಪಿರಬಹುದು ಅನ್ನುವುದು ಸಾಧಾರಣ ಊಹೆ. 1 ಚದರ ಕಿ.ಮೀ. ಇರುವ ಚೌಕಾಕಾರದ ಹಿಮನದಿ ತಗೊಂಡರೆ ಸುತ್ತಳತೆ 4 ಕಿ.ಮೀ. 4000 ಮೀಟರಿಗೆ 15 ಮೀಟರ್ ಗುಣಿಸಿದರೆ 60,000 ಚದರ ಮೀಟರ್. ಶೇ. 6. ಏನೂ ಬದಲಾಗದಿದ್ದರೂ ಗೆರೆ ಎಳೆಯುವ ಕೈಯೊಂದರಿಂದಲೇ ಶೇ. 6 ಆಚೀಚೆ ಆಗಬಹುದು. ಹಿಮನದಿ ಚೌಕಾಕಾರ ಇರುವುದಿಲ್ಲ, ಅಂಕುಡೊಂಕು ಜಾಸ್ತಿ ಇದ್ದಷ್ಟೂ ಇದು ಇನ್ನೂ ಏರುತ್ತದೆ. ಅದೇ 100 ಚದರ ಕಿ.ಮೀ. ಇದ್ದರೆ ಶೇ. 0.6ಕ್ಕೆ ಇಳಿಯುತ್ತದೆ. ಇದನ್ನು ತಲೆಯಲ್ಲಿ ಇಟ್ಟುಕೊಂಡು ಮೊದಲಿನ ಎರಡು ಲೆಕ್ಕಕ್ಕೆ ವಾಪಸ್ ಹೋಗೋಣ.

ಸಮುದ್ರ ಟಾಪುವಿನದೇ ಪ್ರಕಟವಾದ ಅಂಕಿ ಇದೆ. 1962ರಿಂದ 2000ದವರೆಗೆ ಮೂತಿ 742 ಮೀಟರ್ ಹಿಂದೆ ಸರಿದಿದೆ, ವರ್ಷಕ್ಕೆ ಸುಮಾರು 19.5 ಮೀಟರ್. ವಿಸ್ತೀರ್ಣ 73ರಿಂದ 65 ಚದರ ಕಿ.ಮೀ.ಗೆ ಬಂದಿದೆ. ಅದೇ ವೇಗದಲ್ಲಿ ಹತ್ತು ವರ್ಷ ಸರಿದರೆ 200 ಮೀಟರ್. ಮೂತಿಯ ಅಗಲ ಒಂದು ಕಿ.ಮೀ. ಅಂತ ಇಟ್ಟುಕೊಂಡರೆ ಹೋದದ್ದು 0.2 ಚದರ ಕಿ.ಮೀ., ಅಂದರೆ 65ರಲ್ಲಿ ಶೇ. 0.3. ನೋಡಿ, 200 ಮೀಟರ್ ಹಿಂದೆ ಸರಿದ ಹಿಮನದಿ, ಶೇಕಡಾವಾರು ಲೆಕ್ಕದಲ್ಲಿ ಏನೂ ಆಗದ ಹಾಗೆ ಕಾಣುತ್ತದೆ. ಇಷ್ಟು ದೊಡ್ಡ ಹಿಮನದಿಯ ಸುತ್ತ 15 ಮೀಟರಿನ ತಪ್ಪು ಹಾಕಿದರೆ ಅದೇ ಶೇ. 0.6 ದಾಟುತ್ತದೆ. ಅಂದರೆ ಬದಲಾವಣೆಗಿಂತ ಅಳತೆಕೋಲಿನ ದಪ್ಪವೇ ಜಾಸ್ತಿ. 2014ರ ಲೆಕ್ಕದ ಶೇ. 0.2ನ್ನು ಈ ಬೆಳಕಿನಲ್ಲಿ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ. ಹತ್ತು ವರ್ಷ ಅನ್ನುವುದು ದೊಡ್ಡ ಹಿಮನದಿಗೆ ತೀರಾ ಚಿಕ್ಕ ಕಾಲ, ಅದರ ಮೇಲೆ ಕಾರಾಕೋರಂ ಬೇರೆ ಸೇರಿದೆ. ಅಲ್ಲಿನ ಹಿಮನದಿಗಳು ಬೇರೆಯವುಗಳ ಹಾಗೆ ಕುಗ್ಗದೆ, ಕೆಲವು ಮುಂದಕ್ಕೂ ನುಗ್ಗುತ್ತಾ ವಿಜ್ಞಾನಿಗಳ ತಲೆ ಕೆಡಿಸಿವೆ. ಹಾಗಂತ ಆ ಲೆಕ್ಕ ಕೆಲಸಕ್ಕೆ ಬಾರದ್ದು ಅಂತಲ್ಲ. ಎರಡು ಸಾವಿರ ಹಿಮನದಿ ಸೇರಿಸಿದಾಗ ಆಚೀಚೆಯ ತಪ್ಪುಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಹೊಡೆದುಹಾಕದೆ ಉಳಿಯುವುದು ಗೆರೆ ಎಳೆಯುವವರ ಅಭ್ಯಾಸ ಮಾತ್ರ.

ಶೇ. 21ರ ಲೆಕ್ಕಕ್ಕೂ ಅದರದೇ ಪೇಚಾಟ ಇದೆ. ಅಲ್ಲಿ ಇರುವುದು ನಾಲ್ಕು ದಶಕ, ಮತ್ತು ಸಣ್ಣ ಸಣ್ಣ ಹಿಮನದಿಗಳು ಬಹಳ. ಒಂದು ಚದರ ಕಿ.ಮೀ.ಗಿಂತ ಚಿಕ್ಕವು 127 ಇದ್ದವು, ಅವು ಶೇ. 38ರಷ್ಟು ಕಳೆದುಕೊಂಡಿದ್ದವು. ಚಿಕ್ಕದಕ್ಕೆ ಹೊಡೆತ ಜೋರು, ಅದು ಸಹಜವೇ. ಪೇಚು ಇರುವುದು 1962ರಲ್ಲಿ. ಆ ವರ್ಷದ ಅಂಕಿ ಬಂದದ್ದು ಸರ್ವೇ ಆಫ್ ಇಂಡಿಯಾದ ಟೋಪೋಶೀಟುಗಳಿಂದ. ಅವನ್ನು ಬರೆದವರು ಹಿಮನದಿ ಅಳೆಯಲೆಂದು ಕೂತವರಲ್ಲ, ವಿಮಾನದಿಂದ ತೆಗೆದ ಫೋಟೋ ನೋಡಿ ಇಡೀ ದೇಶದ ನಕ್ಷೆ ಬರೆಯುತ್ತಿದ್ದವರು. ಆ ಫೋಟೋದಲ್ಲಿ ಆ ವರ್ಷದ ಹಿಮ ಇನ್ನೂ ಕರಗದೆ ಇದ್ದರೆ ಅದೂ ಹಿಮನದಿಯ ಲೆಕ್ಕಕ್ಕೇ ಸೇರುತ್ತದೆ. ಶುರುವಿನ ಅಂಕಿ ಹಿಗ್ಗಿದ್ದರೆ ಆಮೇಲಿನ ನಷ್ಟವೂ ಹಿಗ್ಗುತ್ತದೆ, ಅಲ್ವಾ?

ಇದಕ್ಕೆ ಒಂದು ಮಜಾ ಪರಿಹಾರ ಸಿಕ್ಕಿತು, ಅದೂ ಶೀತಲ ಸಮರದ ಗೋದಾಮಿನಿಂದ. 1960ರಿಂದ 1972ರ ತನಕ ಅಮೆರಿಕ ಕೊರೋನಾ ಅನ್ನುವ ಗೂಢಚಾರ ಉಪಗ್ರಹಗಳನ್ನು ಹಾರಿಸುತ್ತಿತ್ತು (ಹೆಸರು ಹಾಗೆ, ಏನು ಮಾಡೋಣ). ಫಿಲ್ಮ್ ಸುರುಳಿ ಬಕೆಟ್ಟಿನಲ್ಲಿ ಪ್ಯಾರಾಶೂಟ್ ಕಟ್ಟಿಕೊಂಡು ಬೀಳುತ್ತಿತ್ತು, ಅದನ್ನು ವಿಮಾನದಿಂದ ಗಾಳಿಯಲ್ಲೇ ಕೊಕ್ಕೆ ಹಾಕಿ ಹಿಡಿಯುತ್ತಿದ್ದರು. ಕ್ಷಿಪಣಿ ನೆಲೆ ಹುಡುಕಲು ತೆಗೆದ ಆ ಚಿತ್ರಗಳಲ್ಲಿ ಹಿಮಾಲಯವೂ ಬಿದ್ದಿತ್ತು, ಒಳ್ಳೆಯವುಗಳಲ್ಲಿ ಎರಡು ಮೀಟರಿನಷ್ಟು ಸ್ಪಷ್ಟವಾಗಿ. 1995ರಲ್ಲಿ ಗುಟ್ಟು ತೆಗೆದು ಎಲ್ಲರಿಗೂ ಬಿಟ್ಟರು. 1968ರ ಕೊರೋನಾ ಚಿತ್ರ ಇಟ್ಟುಕೊಂಡು ಉತ್ತರಾಖಂಡದ ಗಢವಾಲದಲ್ಲಿ ಲೆಕ್ಕ ಹಾಕಿದಾಗ 2006ರ ಹೊತ್ತಿಗೆ ಸುಮಾರು 600 ಚದರ ಕಿ.ಮೀ. ಇದ್ದದ್ದು 572.5ಕ್ಕೆ ಇಳಿದಿತ್ತು. ನಷ್ಟ ಶೇ. 4.6, ಆಚೀಚೆ ಶೇ. 2.8. ಜಾಗ ಬೇರೆ, ಹಾಗಾಗಿ 21ರ ಪಕ್ಕ ಇಟ್ಟು ಜಗಳ ಆಡಬಾರದು. ಆದರೆ ಆಚೀಚೆ ಎಷ್ಟು ಅಂತ ಬರೆದಿದ್ದಾರಲ್ಲ, ಅದು ನನಗೆ ಇಷ್ಟ. ಅದೇ ಅಧ್ಯಯನದಲ್ಲಿ ಇನ್ನೊಂದು ತಮಾಷೆ ಇದೆ, ಹಿಮನದಿಗಳ ಸಂಖ್ಯೆ 82ರಿಂದ 88ಕ್ಕೆ ಏರಿದೆ. ಕೇಳಿದವರು ಖುಷಿಪಡಬಾರದು. ದೊಡ್ಡ ಹಿಮನದಿ ಕುಗ್ಗಿದಾಗ ಕೈಕಾಲಿನ ಹಾಗಿದ್ದ ಕವಲುಗಳು ಕಳಚಿಕೊಂಡು ಬೇರೆ ಬೇರೆ ಹಿಮನದಿಗಳಾಗುತ್ತವೆ, ಎಣಿಕೆ ಜಾಸ್ತಿಯಾಗುತ್ತದೆ.

ವಿಸ್ತೀರ್ಣ ಒಂದನ್ನೇ ನೋಡುವುದರಲ್ಲಿ ಮೂಲದಲ್ಲೇ ಒಂದು ಕೊರತೆ ಇದೆ. ಹಿಮದ ಮೇಲೆ ತೆಳ್ಳಗೆ ಧೂಳು ಬಿದ್ದರೆ ಬಿಸಿಲು ಹೀರಿ ಬೇಗ ಕರಗುತ್ತದೆ. ಕೆಲವು ಸೆಂಟಿಮೀಟರಿಗಿಂತ ದಪ್ಪ ಕಲ್ಲು ಕೂತರೆ ಉಲ್ಟಾ, ಕಲ್ಲೇ ಹೊದಿಕೆಯಾಗಿ ಕರಗುವುದು ನಿಧಾನವಾಗುತ್ತದೆ. ಹಾಗಾಗಿ ಕಲ್ಲು ಹೊದ್ದ ಹಿಮನದಿಯ ಮೂತಿ ಹಿಂದೆ ಸರಿಯದೆ ನಿಂತಲ್ಲೇ ನಿಂತು, ಮೇಲಿನಿಂದ ಕೆಳಕ್ಕೆ ಕುಸಿಯುತ್ತಾ ಹೋಗಬಹುದು. ಉಪಗ್ರಹ ಮೇಲಿನಿಂದ ನೋಡುತ್ತದೆ, ಗೆರೆ ಇದ್ದಲ್ಲೇ ಇದೆ, ನೀವು ‘ಸ್ಥಿರ’ ಅಂತ ಬರೆಯುತ್ತೀರಿ. ಒಳಗೆ ಹತ್ತಾರು ಮೀಟರ್ ದಪ್ಪ ಹೋಗಿರುತ್ತದೆ. ಇದನ್ನು ಹಿಡಿಯಲು ಎರಡು ಕಾಲದ ಎತ್ತರದ ನಕ್ಷೆ ಮಾಡಿ ಒಂದರಿಂದ ಒಂದು ಕಳೆಯಬೇಕು. 2019ರಲ್ಲಿ ಹಾಗೆ ಮಾಡಿದರು. ಕೊರೋನಾ ನಂತರದ ಹೆಕ್ಸಗನ್ ಗೂಢಚಾರ ಉಪಗ್ರಹದ 1970ರ ದಶಕದ ಜೋಡಿ ಚಿತ್ರಗಳಿಂದ ಹಳೆಯ ಎತ್ತರ ತೆಗೆದು, ಹಿಮಾಲಯದುದ್ದಕ್ಕೂ 650 ಹಿಮನದಿಗಳನ್ನು ಹೋಲಿಸಿದರು. 1975ರಿಂದ 2000ದವರೆಗೆ ಕಳೆದುಕೊಂಡ ವೇಗಕ್ಕಿಂತ 2000ದಿಂದ 2016ರ ವೇಗ ಎರಡು ಪಟ್ಟು, ವರ್ಷಕ್ಕೆ ಸರಾಸರಿ ಅರ್ಧ ಮೀಟರಿನ ಹತ್ತಿರ ದಪ್ಪ. 2014ರ ಲೆಕ್ಕದಲ್ಲಿ ‘ಇದ್ದಲ್ಲೇ ಇವೆ’ ಅಂದ ಹತ್ತು ವರ್ಷವೂ ಈ ಅವಧಿಯ ಒಳಗೇ ಬರುತ್ತದೆ. ಎರಡೂ ಒಟ್ಟಿಗೆ ನಿಜವಾಗಿರಬಹುದು, ಒಂದು ಗೆರೆ ನೋಡಿತು, ಇನ್ನೊಂದು ದಪ್ಪ ನೋಡಿತು.

ದಪ್ಪದ ವಿಷಯದಲ್ಲಿ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲಸ ಹೇಳದೆ ಇರಲಾಗುವುದಿಲ್ಲ. ಹವಾಮಾನ ಬದಲಾವಣೆ ಅಧ್ಯಯನಕ್ಕಿರುವ ಅಲ್ಲಿನ ದಿವೇಚಾ ಕೇಂದ್ರಕ್ಕೆ ಬಂದ ಅನಿಲ್ ಕುಲಕರ್ಣಿ (2007ರ ಆ ಶೇ. 21ರ ಲೆಕ್ಕ ಇವರದೇ) ಮತ್ತು ಜೊತೆಗಾರರು 2014ರಲ್ಲಿ ಗಂಗೋತ್ರಿಯ ದಪ್ಪ ಅಂದಾಜು ಮಾಡಿದರು. ಹಿಮ ಎಷ್ಟು ವೇಗವಾಗಿ ಜಾರುತ್ತಿದೆ ಅಂತ ಉಪಗ್ರಹ ಚಿತ್ರಗಳನ್ನು ಹೋಲಿಸಿ ತೆಗೆದು, ಇಳಿಜಾರು ಸೇರಿಸಿ, ಇಷ್ಟು ವೇಗಕ್ಕೆ ಇಷ್ಟು ದಪ್ಪ ಇರಬೇಕು ಅಂತ ಲೆಕ್ಕ. ಮೇಲ್ಭಾಗದಲ್ಲಿ ಸುಮಾರು 540 ಮೀಟರ್, ಮೂತಿಯ ಹತ್ತಿರ 50-60 ಮೀಟರ್ ಬಂತು. ಮಲ್ಲೇಶ್ವರದ ಪಕ್ಕದಲ್ಲಿ ಕೂತು ಗಂಗೋತ್ರಿಯ ಹೊಟ್ಟೆ ಅಳೆದರು ಅಂದರೆ ಸುಮ್ನೆ ಅಲ್ಲ.

ಗೆರೆ ಎಳೆಯುವ ಜಗಳ ಇಲ್ಲದ ಒಂದು ಜಾಗ ಅಂದರೆ ಕೆರೆಗಳು. ನೀರಿನ ಅಂಚು ಚಾಕುವಿನಲ್ಲಿ ಕೊಯ್ದ ಹಾಗೆ ಇರುತ್ತದೆ. ಇಸ್ರೋ 2024ರ ಏಪ್ರಿಲ್‌ನಲ್ಲಿ ಬಿಟ್ಟ ಅಂಕಿಯ ಪ್ರಕಾರ, ಲಾಹೌಲ್‌ನ ಘೇಪಾಂಗ್ ಘಾಟ್ ಕೆರೆ 1989ರಲ್ಲಿ 36.49 ಹೆಕ್ಟೇರ್ ಇದ್ದದ್ದು 2022ಕ್ಕೆ 101.30 ಆಗಿದೆ. ಹಿಮನದಿ ಶೇ. 5 ಕುಗ್ಗಿತಾ ಶೇ. 10 ಕುಗ್ಗಿತಾ ಅಂತ ನಾವು ಜಗಳ ಆಡುತ್ತಿದ್ದಾಗ ಅದರ ಮುಂದಿನ ಕೆರೆ ಸುಮಾರು ಮೂರು ಪಟ್ಟಾಯಿತು. ಸಿಕ್ಕಿಂನ ದಕ್ಷಿಣ ಲ್ಹೋನಕ್ ಕೆರೆ 2023ರ ಸೆಪ್ಟೆಂಬರ್ 28ರಂದು 167.4 ಹೆಕ್ಟೇರ್ ಇತ್ತು, ಅಕ್ಟೋಬರ್ 4ರ ಬೆಳಗ್ಗೆ ಆರು ಗಂಟೆಗೆ 60.3. ನಡುವಿನ ನೂರಕ್ಕೂ ಹೆಚ್ಚು ಹೆಕ್ಟೇರಿನ ನೀರು ರಾತ್ರೋರಾತ್ರಿ ತೀಸ್ತಾ ಕಣಿವೆಗೆ ಇಳಿದು, ಚುಂಗ್‌ಥಾಂಗ್‌ನ ಅಣೆಕಟ್ಟನ್ನು ಕೊಚ್ಚಿಕೊಂಡು ಹೋಗಿತ್ತು. ಆಗ ಆಕಾಶ ತುಂಬಾ ಮೋಡ. ಮೋಡ ದಾಟಿ ನೋಡುವ ರೇಡಾರ್ ಉಪಗ್ರಹಗಳಿದ್ದುದರಿಂದ ಅಷ್ಟು ಬೇಗ ಈ ಅಂಕಿ ಸಿಕ್ಕಿತು.

ಮಾಡಿ ನೋಡುತ್ತೇನೆ ಅನ್ನುವವರಿಗೆ ಹೇಳುವುದಾದರೆ: ಕ್ಯೂಜಿಐಎಸ್ ಅನ್ನುವ ಮ್ಯಾಪ್ ಸಾಫ್ಟ್‌ವೇರ್ ಪುಕ್ಕಟೆ, ಲ್ಯಾಂಡ್‌ಸ್ಯಾಟ್ ಮತ್ತು ಸೆಂಟಿನೆಲ್ ಪುಕ್ಕಟೆ. ಜಗತ್ತಿನ ಎಲ್ಲ ಹಿಮನದಿಗಳ ಗೆರೆಗಳು ರ‍್ಯಾಂಡಾಲ್ಫ್ ಪಟ್ಟಿಯಲ್ಲಿ ಸಿಗುತ್ತವೆ, ಎರಡು ಲಕ್ಷಕ್ಕೂ ಹೆಚ್ಚು. ಅದನ್ನು ಮೊದಲೇ ತೆರೆಯಬೇಡಿ, ತೆರೆದರೆ ನಿಮ್ಮ ಕೈ ಅದರ ಮೇಲೇ ಹೋಗುತ್ತದೆ. ನೀವೇ ಒಂದು ಗೆರೆ ಎಳೆದು ಆಮೇಲೆ ಹೋಲಿಸಿ. ಮೊದಲಿಗೆ ಕಲ್ಲು ಕಮ್ಮಿ ಇರುವ ಛೋಟಾ ಶಿಗ್ರಿ ಒಳ್ಳೆಯದು, ನೆಲದ ಮೇಲಿನ ಅಳತೆಯೂ ಅಲ್ಲಿ 2002ರಿಂದ ನಡೆಯುತ್ತಿದೆ. ಎಳೆದ ಗೆರೆಯನ್ನು ಒಂದು ವಾರ ಬಿಟ್ಟು, ಹಳೆಯದನ್ನು ಮುಚ್ಚಿಟ್ಟು, ಅದೇ ಚಿತ್ರದ ಮೇಲೆ ಮತ್ತೊಮ್ಮೆ ಎಳೆಯಿರಿ. ಎರಡರ ನಡುವೆ ಬರುವ ವ್ಯತ್ಯಾಸವೇ ನಿಮ್ಮ ಕೈಯ ತಪ್ಪು, ಅದಕ್ಕಿಂತ ಚಿಕ್ಕ ಬದಲಾವಣೆಯನ್ನು ಯಾರಿಗೂ ಹೇಳಬೇಡಿ. ಫೈಲಿನ ಹೆಸರಿನಲ್ಲಿ ಚಿತ್ರದ ತಾರೀಖು ಹಾಕಿಡಿ, ಬರೀ ಇಸವಿ ಸಾಲದು.